ಮನೆಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವವರು, ಹೇಳದವರು: ಜೊತೆಗೆ ಬಾಳುವುದು ಹೇಗೆ?

ಕ್ವಾಯರ್‌ನಲ್ಲಿ ಹಾಡಿದ, ಫಾದರ್ ಪಕ್ಕ ನಿಂತು ಪೂಜೆಗೆ ಸಹಾಯ ಮಾಡಿದ ಹುಡುಗ ದೊಡ್ಡವನಾದ ಮೇಲೆ "ನನಗೆ ದೇವರಲ್ಲಿ ನಂಬಿಕೆ ಇಲ್ಲ" ಅನ್ನುತ್ತಾನೆ. ಮಂಗಳೂರು, ಉಡುಪಿ ಕಡೆಯ ಕಥೋಲಿಕ ಮನೆಗಳಲ್ಲಿ ಇದು ಈಗ ಅಪರೂಪದ ಸಂಗತಿ ಅಲ್ಲ. ಅಮ್ಮ ಅಳುತ್ತಾರೆ. ಅಪ್ಪ ಮಾತು ಕಡಿಮೆ ಮಾಡುತ್ತಾರೆ. ದೊಡ್ಡಮ್ಮ ವೇಳಾಂಕಣಿಗೆ ಹರಕೆ ಹೊತ್ತುಕೊಳ್ಳುತ್ತಾರೆ. ಹುಡುಗ ರಜೆ ಸಿಕ್ಕರೂ ಊರಿಗೆ ಬರುವುದಿಲ್ಲ. ಯಾರೂ ಕೆಟ್ಟವರಲ್ಲ, ಆದರೂ ಮನೆ ಎರಡಾಗುತ್ತದೆ.

ನಾನು ಪ್ರತಿ ಭಾನುವಾರ ಪೂಜೆಗೆ ಹೋಗುವವಳು. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ನಾಸ್ತಿಕ. ದೇವರ ವಿಷಯದಲ್ಲಿ ನಮ್ಮಿಬ್ಬರಿಗೆ ಇವತ್ತಿಗೂ ಒಮ್ಮತ ಇಲ್ಲ, ಮುಂದೆಯೂ ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಅವನು ನಮ್ಮ ಮನೆಯವನೇ ಆಗಿ ಉಳಿದಿದ್ದಾನೆ. ಇಂಥ ಮನೆಗಳಿಗಾಗಿ ಈ ಬರಹ. ಗಂಡ ಹೆಂಡತಿಯಲ್ಲಿ ಒಬ್ಬರು ನಂಬುವ, ಒಬ್ಬರು ನಂಬದ ಮನೆಗೂ ಇದರಲ್ಲಿ ಬಹಳಷ್ಟು ಅನ್ವಯಿಸುತ್ತದೆ.

ನಾನು ಹೇಳುವುದೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ. ಜೊತೆಗಿರುವುದು ಬೇರೆ, ಜೊತೆಗೆ ನಂಬುವುದು ಬೇರೆ. "ನಮ್ಮ ಜೊತೆ ಇರು" ಅಂತ ಮನೆಯವರು ಒಬ್ಬರನ್ನೊಬ್ಬರು ಕೇಳಬಹುದು. "ನನ್ನ ಹಾಗೆ ನಂಬು" ಅಂತಲೋ "ನಂಬುವುದನ್ನು ಬಿಡು" ಅಂತಲೋ ಕೇಳುವ ಹಕ್ಕು ಯಾರಿಗೂ ಇಲ್ಲ.

ಮೊದಲ ಹೆಜ್ಜೆ: ಎದುರಿಗಿರುವವರ ಮಾತನ್ನು ಅವರ ಮಾತಾಗಿಯೇ ಕೇಳಿ

ನಂಬುವವರು ಮೊದಲು ಬಿಡಬೇಕಾದ ಪ್ರಶ್ನೆ: "ಯಾರು ನಿನ್ನ ತಲೆ ಕೆಡಿಸಿದ್ದು?" ಎರಡನೆಯದು: "ನಿನಗೆ ಏನಾಯ್ತು?" ದೇವರನ್ನು ನಂಬದವರೆಲ್ಲ ದೇವರ ಮೇಲೆ ಸಿಟ್ಟು ಮಾಡಿಕೊಂಡವರಲ್ಲ. ಹೆಚ್ಚಿನವರು ಓದಿ, ಯೋಚಿಸಿ, ಒಳಗೊಳಗೇ ಹೆದರಿ, ಕೊನೆಗೆ ಬಾಯಿಬಿಟ್ಟವರು. ಹಾಗೆ ಹೇಳಿಕೊಳ್ಳಲು ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತು ಅನ್ನುವುದನ್ನು ಮನೆಯವರು ಯೋಚಿಸುವುದೇ ಇಲ್ಲ.

ಈ ವಿಷಯದಲ್ಲಿ ಕಥೋಲಿಕ ಚರ್ಚ್ ನಮ್ಮ ಮನೆಗಳಿಗಿಂತ ಎಷ್ಟೋ ಮುಂದಿದೆ. 1965ರ ಡಿಸೆಂಬರ್ 7ರಂದು ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದಾಖಲೆಯೊಂದು ನಾಸ್ತಿಕರ ಬಗ್ಗೆಯೇ ಕೆಲವು ಪುಟ ಇಟ್ಟಿದೆ. ನಾಸ್ತಿಕತೆ ಹುಟ್ಟುವುದರಲ್ಲಿ ನಂಬುವವರ ಪಾಲೂ ಇರಬಹುದು, ನಾವು ನಂಬಿಕೆಯನ್ನು ಸರಿಯಾಗಿ ಕಲಿಸದೆ, ಸರಿಯಾಗಿ ಬದುಕದೆ ದೇವರ ಮುಖವನ್ನು ಮರೆಮಾಡುತ್ತೇವೆ ಅಂತ ಅದು ಒಪ್ಪಿಕೊಳ್ಳುತ್ತದೆ. ಅಷ್ಟೇ ಅಲ್ಲ, ಎಲ್ಲರೂ ಬದುಕುವ ಈ ಲೋಕವನ್ನು ಸರಿಯಾಗಿ ಕಟ್ಟಲು ನಂಬುವವರೂ ನಂಬದವರೂ ಕೂಡಿ ದುಡಿಯಬೇಕು, ಅದಕ್ಕೆ ಪ್ರಾಮಾಣಿಕವಾದ ಮಾತುಕತೆ ಬೇಕು ಅನ್ನುತ್ತದೆ. ಮಗ ನಾಸ್ತಿಕನಾದ ಅಂತ ಕಣ್ಣೀರು ಹಾಕುವ ಅಮ್ಮಂದಿರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು. ಮಗನನ್ನು ಮಗನಾಗಿ ಇಟ್ಟುಕೊಳ್ಳುವುದು ಚರ್ಚಿಗೆ ವಿರುದ್ಧ ಅಲ್ಲ.

ನಂಬದವರಿಗೂ ಒಂದು ಮಾತು. "ವಿಜ್ಞಾನ ಗೊತ್ತಿಲ್ಲದವರು ಮಾತ್ರ ನಂಬುತ್ತಾರೆ" ಅನ್ನುವುದು ಸರಿಯಲ್ಲ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲೆಮೆತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. ಬಟಾಣಿ ಗಿಡಗಳಿಂದ ಆನುವಂಶಿಕತೆಯ ನಿಯಮ ಕಂಡುಕೊಂಡ ಗ್ರೆಗೊರ್ ಮೆಂಡೆಲ್ ಮಠದ ಸನ್ಯಾಸಿ. ನಿಮ್ಮ ಅಜ್ಜಿಯೂ ಮೂಢರಲ್ಲ. ಗಂಡ ಮುಂಬೈಯಲ್ಲಿ ದುಡಿಯುತ್ತಿದ್ದಾಗ ಆರು ಮಕ್ಕಳನ್ನು ಸಾಕಿದ ಹೆಂಗಸಿಗೆ ಆ ಜಪಮಾಲೆ ಏನಾಗಿತ್ತು ಅಂತ ಒಂದು ಸಲ ಕೂತು ಕೇಳಿ. ವಾದಕ್ಕಲ್ಲ, ತಿಳಿದುಕೊಳ್ಳಲು.

ನಂಬಿಕೆಯ ಮನೆಯಿಂದ ನಂಬದವರು ಬರುವುದೂ ಹೊಸದಲ್ಲ. ದೇವಮಾನವರ ಪವಾಡಗಳಿಗೆ ಬಹಿರಂಗ ಸವಾಲು ಹಾಕಿದ ಅಬ್ರಹಾಂ ಕೋವೂರ್ 1898ರಲ್ಲಿ ಕೇರಳದ ತಿರುವಲ್ಲದಲ್ಲಿ ಹುಟ್ಟಿದವರು. ಅವರ ತಂದೆ ಮಾರ್ತೋಮಾ ಚರ್ಚಿನ ಪಾದ್ರಿ.

ಎರಡನೇ ಹೆಜ್ಜೆ: ಒಂದು ಸಲ ಕೂತು ಮಾತಾಡಿ, ಹಬ್ಬದ ದಿನ ಬೇಡ

ನಂಬಿಕೆ ಹೋಗಿದೆ ಅನ್ನುವುದನ್ನು ಮನೆಯವರಿಗೆ ತಿಳಿಸಲು ಕ್ರಿಸ್ಮಸ್ ಊಟದ ಹೊತ್ತು ಆರಿಸಬೇಡಿ. ಪೂಜೆಗೆ ಎಲ್ಲರೂ ಸೀರೆ ಉಟ್ಟು, ಶೂ ಹಾಕಿ ಬಾಗಿಲಲ್ಲಿ ನಿಂತಾಗಲೂ ಬೇಡ. ಮಾಮೂಲಿ ದಿನ, ಮನೆಯಲ್ಲಿ ನೆಂಟರಿಲ್ಲದ ಹೊತ್ತು ನೋಡಿ. ಮೊದಲು ಒಬ್ಬರಿಗೆ ಹೇಳಿ, ಅಕ್ಕನಿಗೋ ಅಣ್ಣನಿಗೋ. ಅವರು ಪಕ್ಕದಲ್ಲಿದ್ದರೆ ಅಮ್ಮನಿಗೆ ಹೇಳುವುದು ಸ್ವಲ್ಪ ಸಲೀಸು.

ದೇವರಿದ್ದಾನೋ ಇಲ್ಲವೋ ಅನ್ನುವುದನ್ನು ಆ ದಿನವೇ ತೀರ್ಮಾನಿಸಲು ಹೋಗಬೇಡಿ. ಮೂರು ವಿಷಯ ಹೇಳಿದರೆ ಸಾಕು: ನಾನು ಯಾವುದನ್ನು ನಂಬುತ್ತಿಲ್ಲ, ಅದರಿಂದ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ. ಮೂರನೆಯದನ್ನು ಜಾಸ್ತಿ ಹೇಳಿ. "ಅಮ್ಮ, ನಾನು ಪೂಜೆಗೆ ಬರುವುದಿಲ್ಲ. ಆದರೆ ನಿಮ್ಮನ್ನು ಗಾಡಿಯಲ್ಲಿ ಬಿಟ್ಟು ಬರುವುದು, ಕರೆದುಕೊಂಡು ಬರುವುದು ನನ್ನದೇ." ಇಂಥ ಒಂದು ಮಾತು ಹತ್ತು ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೇಳಿಸಿಕೊಳ್ಳುವವರು ಆ ಕ್ಷಣ ಉತ್ತರ ಕೊಡಬೇಕಾಗಿಲ್ಲ. "ನನಗೆ ಬೇಜಾರಾಗಿದೆ, ಸ್ವಲ್ಪ ಸಮಯ ಕೊಡು" ಅನ್ನಬಹುದು. ಆ ಬೇಜಾರು ನಿಜ. ಅದನ್ನು ನಂಬದವರು ಹಗುರ ಮಾಡಬಾರದು. ಸತ್ತ ಮೇಲೆ ಮಗನನ್ನು ಮತ್ತೆ ಕಾಣುವುದಿಲ್ಲವೇನೋ ಅನ್ನುವ ಹೆದರಿಕೆ ತಾಯಿಗೆ ಬರುತ್ತದೆ. ಅವರ ಮಟ್ಟಿಗೆ ಇದು ಚರ್ಚೆಯ ವಿಷಯ ಅಲ್ಲ.

ಚಾರ್ಲ್ಸ್ ಡಾರ್ವಿನ್ ಅವರ ಹೆಂಡತಿ ಎಮ್ಮಾಗೂ ಇದೇ ಹೆದರಿಕೆ ಇತ್ತು. 1839ರಲ್ಲಿ ಮದುವೆಯಾದರು. ಎಮ್ಮಾ ಗಟ್ಟಿ ಕ್ರೈಸ್ತೆ, ಡಾರ್ವಿನ್ ಅವರ ಸಂಶಯ ಆಗಲೇ ಶುರುವಾಗಿತ್ತು. ಎದುರಿಗೆ ಹೇಳಲಾಗದೆ ಎಮ್ಮಾ ಕಾಗದ ಬರೆದರು. ನಾವು ಎಂದೆಂದಿಗೂ ಒಬ್ಬರಿಗೊಬ್ಬರು ಸೇರಿದವರಲ್ಲ ಅಂತ ಅನ್ನಿಸಿದರೆ ನನಗೆ ತುಂಬಾ ದುಃಖವಾಗುತ್ತದೆ ಅನ್ನುವುದು ಅದರ ಸಾರ. ಡಾರ್ವಿನ್ ವಾದಿಸಿ ಮರುತ್ತರ ಬರೆದು ಗೆಲ್ಲಲು ಹೋಗಲಿಲ್ಲ. ಕಾಗದವನ್ನು ಜೋಪಾನ ಮಾಡಿದರು. ನಾನು ಸತ್ತ ಮೇಲೆ ತಿಳಿ, ಎಷ್ಟೋ ಸಲ ಇದನ್ನು ಮುತ್ತಿಟ್ಟು ಅತ್ತಿದ್ದೇನೆ ಅಂತ ಅದರ ಕೊನೆಯಲ್ಲಿ ಗೀಚಿದರು. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿಯನ್ನು ಕಳೆದುಕೊಂಡರು. ಆ ದುಃಖವನ್ನು ಒಬ್ಬರು ದೇವರ ಜೊತೆ, ಒಬ್ಬರು ದೇವರಿಲ್ಲದೆ ಹೊತ್ತರು. ಡಾರ್ವಿನ್ ತಮ್ಮನ್ನು ನಾಸ್ತಿಕ ಅನ್ನಲಿಲ್ಲ, ದೇವರ ವಿಷಯ ತಿಳಿಯಲಾಗದು ಅನ್ನುವವ ಎಂದುಕೊಂಡರು. 1882ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಸಂಸಾರ ಗಟ್ಟಿಯಾಗಿಯೇ ಇತ್ತು. ಮಾತಾಡಲು ಆಗದಿದ್ದರೆ ಬರೆಯಿರಿ. ವಾಟ್ಸಾಪ್ ಮೆಸೇಜ್ ಅಲ್ಲ, ಕಾಗದದ ಮೇಲೆ.

ಮೂರನೇ ಹೆಜ್ಜೆ: ದಿನದಿನದ ವಿಷಯಗಳನ್ನು ಬೇರೆ ಬೇರೆ ಇಡಿ

ಇದೇ ಎಲ್ಲಕ್ಕಿಂತ ಮುಖ್ಯ. ಮನೆಯಲ್ಲಿ ನಡೆಯುವ ಧರ್ಮದ ಕೆಲಸಗಳನ್ನು ಒಟ್ಟಾಗಿ ನೋಡಬೇಡಿ. ಒಂದೊಂದನ್ನೂ ಕೇಳಿಕೊಳ್ಳಿ: ಇದರಲ್ಲಿ ನಂಬದವರು ಕೈಜೋಡಿಸಬಹುದೇ? ಸುಮ್ನೆ ಜೊತೆಗಿದ್ದರೆ ಸಾಕೇ? ಅಥವಾ ಪೂರ್ತಿ ಹೊರಗಿರಬೇಕೇ?

ಸಂಜೆಯ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆಯನ್ನೇ ತೆಗೆದುಕೊಳ್ಳಿ. ಹೆಚ್ಚಿನ ಜಗಳ ಶುರುವಾಗುವುದು ಅಲ್ಲೇ. ನಮ್ಮಲ್ಲಿ ಹೀಗೆ ನಡೆಯುತ್ತದೆ. ಆಲ್ತಾರಿನ, ಅಂದರೆ ಮನೆಯ ದೇವರ ಪೀಠದ ದೀಪ ಹಚ್ಚಿದ ಕೂಡಲೇ ತಮ್ಮ ಟಿವಿ ಆಫ್ ಮಾಡುತ್ತಾನೆ. ಫೋನ್ ಬಂದರೆ ಅಂಗಳಕ್ಕೆ ಹೋಗಿ ಮಾತಾಡುತ್ತಾನೆ. ಒಮ್ಮೊಮ್ಮೆ ಜಗಲಿಯ ಕುರ್ಚಿಯಲ್ಲಿ ಪೇಪರ್ ಓದುತ್ತಾನೆ, ಒಮ್ಮೊಮ್ಮೆ ಅಡುಗೆಮನೆಯಲ್ಲಿ ಮೀನು ಹುರಿಯುತ್ತಾನೆ. "ಅಕ್ಕ, ನಾನು ಇರ್ತೇನೆ, ಹೇಳುದಿಲ್ಲ" ಅಂತ ಅವನು ಮೊದಲೇ ಹೇಳಿದ್ದ. ತೇರ್ಸ್ ಮುಗಿದ ಮೇಲೆ ಚಿಕ್ಕವರು ಹಿರಿಯರ ಹತ್ತಿರ ಬೆಸಾಂವ್ ಕೇಳುವುದು, ಅಂದರೆ ಆಶೀರ್ವಾದ ಬೇಡುವುದು ನಮ್ಮಲ್ಲಿ ಪದ್ಧತಿ. ಆ ಹೊತ್ತಿಗೆ ಅವನು ಒಳಗೆ ಬಂದು ಅಮ್ಮನ ಎದುರು ತಲೆ ಬಾಗಿಸುತ್ತಾನೆ. ಅಮ್ಮ ಹಣೆಯ ಮೇಲೆ ಕೈ ಇಡುತ್ತಾರೆ. ಅವರು ದೇವರ ಹೆಸರಲ್ಲಿ ಕೊಡುತ್ತಾರೆ, ಅವನು ಅಮ್ಮನ ಕೈಯಿಂದ ಅಂತ ತೆಗೆದುಕೊಳ್ಳುತ್ತಾನೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ.

ಊಟದ ಮುಂಚಿನ ಪ್ರಾರ್ಥನೆ ಅರ್ಧ ನಿಮಿಷದ್ದು. ನಂಬದವರು ಆ ಅರ್ಧ ನಿಮಿಷ ತಟ್ಟೆಗೆ ಕೈ ಹಾಕದೆ ಕೂತರೆ ಸಾಕು. ಕಣ್ಣು ಮುಚ್ಚಿದ್ದಾರಾ ಅಂತ ನೋಡಲು ನಂಬುವವರು ಕಣ್ಣು ತೆರೆಯಬಾರದು.

ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳ ಶುಕ್ರವಾರಗಳಲ್ಲಿ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಇದು ಅಡುಗೆಮನೆಯ ನಿಯಮ, ಎಲ್ಲರಿಗೂ ಒಂದೇ. ಅವನು ಹೊರಗೆ ಹೋಗಿ ಏನು ತಿಂದ ಅಂತ ಕೇಳುವುದು ಮಾತ್ರ ಮನೆಯವರ ಕೆಲಸ ಅಲ್ಲ. ಅವನೂ ಶುಭ ಶುಕ್ರವಾರದಂದು ಚಿಕನ್ ಪಾರ್ಸೆಲ್ ತಂದು ಮೇಜಿನ ಮೇಲೆ ಇಡಬಾರದು.

ಇನ್ನು ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾರದೋ ಮದುವೆಗೋ ಸತ್ತವರ ತಿಂಗಳ ಪೂಜೆಗೋ ನಾಸ್ತಿಕ ಮಗ ಚರ್ಚಿಗೆ ಬರುತ್ತಾನೆ. ಆಗ ಅಮ್ಮ ಮೊಣಕೈಯಿಂದ ತಿವಿದು "ಸುಮ್ನೆ ಹೋಗಿ ತೆಗೆದುಕೊಂಡು ಬಾ, ಜನ ನೋಡ್ತಾರೆ" ಅನ್ನುತ್ತಾರೆ. ಅವನೂ ಅಮ್ಮನ ಖುಷಿಗೆ ಸಾಲಿನಲ್ಲಿ ನಿಲ್ಲುತ್ತಾನೆ. ಇಬ್ಬರೂ ಇದನ್ನು ನಿಲ್ಲಿಸಬೇಕು. ನಂಬುವವರಿಗೆ ಅದು ಕ್ರಿಸ್ತನ ದೇಹ. ನಂಬದೆ ತೆಗೆದುಕೊಳ್ಳಬಾರದು ಅಂತ ಚರ್ಚೇ ಹೇಳುತ್ತದೆ. ನಂಬದವನಿಗೆ ಅದು ನಾಟಕ. ಸಾಲಿಗೆ ಹೋಗದೆ ಬೆಂಚಿನಲ್ಲೇ ಕೂರುವ ಮಗ ಅಮ್ಮನ ನಂಬಿಕೆಗೆ ಜಾಸ್ತಿ ಮರ್ಯಾದೆ ಕೊಡುತ್ತಿದ್ದಾನೆ. ಜನ ನೋಡಲಿ. ಎಲ್ಲರೂ ಎದ್ದು ನಿಂತಾಗ ಅವನೂ ನಿಲ್ಲಲಿ, ಅದು ಸೌಜನ್ಯ. ಮೊಣಕಾಲೂರುವುದು, ಶಿಲುಬೆ ಗುರುತು ಹಾಕುವುದು ಬೇಡ. ಹಿಂದಿನ ಸಾಲಿನಲ್ಲಿ ಕೂತರೆ ಇದೆಲ್ಲ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾಲ್ಕನೇ ಹೆಜ್ಜೆ: ಹಬ್ಬಗಳಲ್ಲಿ ಅವರಿಗೊಂದು ಕೆಲಸ ಕೊಡಿ

ಹಬ್ಬ ಎಂದರೆ ಪ್ರಾರ್ಥನೆ ಮಾತ್ರ ಅಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ನಮ್ಮ ತೆನೆ ಹಬ್ಬವನ್ನು ನೋಡಿ. ಮರಿಯಮ್ಮನವರ ಹುಟ್ಟುಹಬ್ಬ ಅದು. ಹೊಸ ಭತ್ತದ ಹಬ್ಬವೂ ಹೌದು. ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಕುಡಿಯುತ್ತಾರೆ. ಆಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರದ ಊಟ. ಊರಿಗೆ ಬರಲಾಗದವರಿಗೆ ತೆನೆಯ ಕಾಳನ್ನು ಅಂಚೆಯಲ್ಲಿ ಕಳಿಸುವ ಮನೆಗಳಿವೆ. ನಂಬದ ಮಗನಿಗೂ ಕಳಿಸಿ. ಇದು ಅವನ ಅಜ್ಜ ಗದ್ದೆ ಉತ್ತ ಹಬ್ಬವೂ ಹೌದಲ್ವಾ? ಅವನ ಹಕ್ಕು ಚರ್ಚಿನ ಹಾಜರಿ ಪುಸ್ತಕದಿಂದ ಬಂದದ್ದಲ್ಲ.

ಕ್ರಿಸ್ಮಸ್‌ಗೂ ಹಾಗೇ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು ಮಾಡಲು ಕೈಗಳು ಬೇಕು. ನೆವ್ರಿ ಮಡಚುವವರು, ಕಿಡಿಯೊ ಸುತ್ತುವವರು, ಎಣ್ಣೆ ಬಾಣಲೆ ಮುಂದೆ ನಿಲ್ಲುವವರು. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಕಟ್ಟಲು ಬಿದಿರು ಸೀಳಬೇಕು, ಲೈಟ್ ಎಳೆಯಬೇಕು. ನಡುರಾತ್ರಿ ಪೂಜೆಗೆ ಎಲ್ಲರೂ ಹೋದಾಗ ನಡೆಯಲಾಗದ ಅಜ್ಜಿಯ ಹತ್ತಿರ ಒಬ್ಬರು ಇರಬೇಕು. ಆ ಒಬ್ಬರು ನಾಸ್ತಿಕ ಮೊಮ್ಮಗನಾದರೆ ಮನೆಯವರೆಲ್ಲ ನೆಮ್ಮದಿಯಾಗಿ ಪೂಜೆ ಕೇಳಬಹುದು.

ಒಂದು ಎಚ್ಚರಿಕೆ. ಕೆಲಸಕ್ಕೆ ಕರೆದು, "ನೋಡು, ನಿನಗೂ ಒಳಗೆ ಭಕ್ತಿ ಇದೆ" ಅನ್ನಬೇಡಿ. ಮುಂದಿನ ವರ್ಷ ಅವನು ಬರುವುದಿಲ್ಲ.

ಐದನೇ ಹೆಜ್ಜೆ: ಮದುವೆ, ಮಗು

ಇಲ್ಲಿ ಭಾವನೆಗಿಂತ ಮಾಹಿತಿ ಮುಖ್ಯ. ತಿಳಿಯದೆ ಜಗಳ ಮಾಡುವವರೇ ಜಾಸ್ತಿ.

ಒಬ್ಬರು ಕಥೋಲಿಕರು, ಇನ್ನೊಬ್ಬರು ನಂಬದವರು ಅಂದುಕೊಳ್ಳಿ. ಚರ್ಚಿನಲ್ಲಿ ಮದುವೆ ಸಾಧ್ಯವೇ ಇಲ್ಲ ಅನ್ನುವುದು ತಪ್ಪು. ನಂಬದವರು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆಯದವರಾದರೆ ಬಿಷಪರ ಕಡೆಯಿಂದ ವಿನಾಯಿತಿ ಬೇಕು. ದೀಕ್ಷಾಸ್ನಾನವಾಗಿ ಆಮೇಲೆ ನಂಬಿಕೆಯನ್ನು ಬಹಿರಂಗವಾಗಿ ಬಿಟ್ಟವರಾದರೆ ಬಿಷಪರ ಅನುಮತಿ ಬೇಕು. ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ತನ್ನಿಂದಾದಷ್ಟು ಮಾಡುತ್ತೇನೆ ಅಂತ ಕಥೋಲಿಕ ಸಂಗಾತಿ ಮಾತು ಕೊಡಬೇಕು. ನಂಬದ ಸಂಗಾತಿ ಅಂಥ ಮಾತು ಕೊಡಬೇಕಾಗಿಲ್ಲ. ಇಂಥದ್ದೊಂದು ಮಾತು ಕೊಡಲಾಗಿದೆ ಅಂತ ಅವರಿಗೆ ತಿಳಿಸಬೇಕು, ಅಷ್ಟೇ. ನಂಬದವರ ಬಾಯಲ್ಲಿ ಸುಳ್ಳು ಮಾತು ಹೇಳಿಸಬೇಕು ಅಂತ ಚರ್ಚಿನ ಕಾನೂನೂ ಕೇಳುವುದಿಲ್ಲ. ಮನೆಯವರು ಯಾಕೆ ಕೇಳುತ್ತಾರೆ? ಚರ್ಚಿನಲ್ಲಿ ಮದುವೆಯ ನೋಟಿಸ್ ಓದಿಸುವ ಮೊದಲೇ ಇಬ್ಬರೂ ಫಾದರ್ ಹತ್ತಿರ ಹೋಗಿ ಬಿಚ್ಚಿ ಮಾತಾಡಿ.

ಧರ್ಮದ ವಿಧಿ ಬೇಡವೇ ಬೇಡ ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರು ನೋಟಿಸ್ ಕೊಡುವ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು. ಮೂವರು ಸಾಕ್ಷಿಗಳು ಬೇಕು. ಒಂದು ವಿಷಯ ಮೊದಲೇ ತಿಳಿದಿರಲಿ: ಬಿಷಪರ ವಿನಾಯಿತಿ ಇಲ್ಲದೆ ಕಚೇರಿಯಲ್ಲಿ ಮಾತ್ರ ಮದುವೆಯಾದರೆ ಕಥೋಲಿಕ ಸಂಗಾತಿಗೆ ಚರ್ಚಿನ ದೃಷ್ಟಿಯಲ್ಲಿ ಮದುವೆ ಆಗಿಲ್ಲ. ಅವರು ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. "ಒಂದು ಸಹಿ ಅಷ್ಟೇ ಅಲ್ವಾ" ಅಂತ ನಂಬದವರಿಗೆ ಅನ್ನಿಸಬಹುದು. ಎದುರಿಗಿರುವವರು ಪ್ರತಿ ಭಾನುವಾರ ಬೆಂಚಿನಲ್ಲೇ ಉಳಿಯಬೇಕಾಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ನಿರ್ಧಾರ ಮಾಡಿ. ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ ಮಾತ್ರ ಎರಡೂ ಕಡೆಯವರಿಗೆ ಸೇರಿದ್ದು. ತೆಂಗಿನ ಹಾಲು ಹಚ್ಚಿಸಿಕೊಳ್ಳಲು ಯಾರ ನಂಬಿಕೆಯೂ ಅಡ್ಡ ಬರುವುದಿಲ್ಲ.

ಮಗು ಹುಟ್ಟಿದ ಮೇಲೆ ಅಜ್ಜಿ ಅಜ್ಜ ಸುಮ್ಮನಿರುವುದು ಕಷ್ಟ. ಆದರೂ ಒಂದು ಗೆರೆ ಇರಲಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಒಪ್ಪದೆ ದೀಕ್ಷಾಸ್ನಾನ ಕೊಡುವಂತಿಲ್ಲ ಅನ್ನುವುದು ಚರ್ಚಿನದೇ ನಿಯಮ. ಅಜ್ಜಿ ಬಚ್ಚಲಲ್ಲಿ ಗುಟ್ಟಾಗಿ ನೀರು ಹೊಯ್ಯುವುದು ಭಕ್ತಿ ಅಲ್ಲ, ಮಗಳ ಮನೆಯ ನಂಬಿಕೆ ಮುರಿಯುವ ಕೆಲಸ. ಹಾಗೇ ನಾಸ್ತಿಕ ಮಾವನನ್ನು ಮಗುವಿನ ನಂಬಿಕೆಗೆ ಹೊಣೆ ನಿಲ್ಲುವ ಗಾಡ್‌ಫಾದರ್ ಆಗು ಅಂತ ಕೇಳಬೇಡಿ. ಅದಕ್ಕೆ ನಂಬಿಕೆ ಇರುವ ಕಥೋಲಿಕರೇ ಬೇಕು. ಕೇಳಿದರೆ ಅವನು "ಇಲ್ಲ" ಅಂದು ಕೆಟ್ಟವನಾಗಬೇಕು, ಇಲ್ಲವೇ "ಹೂಂ" ಅಂದು ಸುಳ್ಳ ಆಗಬೇಕು.

ಮಗು ಬೆಳೆದು ಪ್ರಶ್ನೆ ಕೇಳಿದಾಗ "ಅಮ್ಮ ಹೀಗೆ ನಂಬುತ್ತಾಳೆ, ಅಪ್ಪ ನಂಬುವುದಿಲ್ಲ, ನೀನು ದೊಡ್ಡವಳಾದ ಮೇಲೆ ಯೋಚಿಸು" ಅಂದರೆ ಮಗು ಒಡೆದುಹೋಗುವುದಿಲ್ಲ. ಅಪ್ಪ ಅಮ್ಮನ ಬೆನ್ನ ಹಿಂದೆ ನಕ್ಕರೆ ಒಡೆಯುತ್ತದೆ. ಶಾಲೆಯ ವಿಷಯದಲ್ಲಿ ಸಂವಿಧಾನದ 28(3)ನೇ ವಿಧಿ ನೆನಪಿರಲಿ: ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕೋ ಆರಾಧನೆಗೋ ಕೂರಿಸುವಂತಿಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹತ್ತಿರ ಹೋಗಿ ನಯವಾಗಿ ಹೇಳಿ.

ಆರನೇ ಹೆಜ್ಜೆ: ಕಾಯಿಲೆ, ಸಾವು

ಆಸ್ಪತ್ರೆಯಲ್ಲಿ ಮಲಗಿದ ನಾಸ್ತಿಕನಿಗೆ ಯಾರಾದರೂ "ನಿನಗಾಗಿ ಪ್ರಾರ್ಥನೆ ಮಾಡುತ್ತೇನೆ" ಅಂದರೆ, "ಥ್ಯಾಂಕ್ಸ್" ಅಂದರೆ ಸಾಕು. ಅವರು ತಮ್ಮ ಹತ್ತಿರ ಇರುವುದರಲ್ಲಿ ಒಳ್ಳೆಯದನ್ನು ಕೊಡುತ್ತಿದ್ದಾರೆ. ಆದರೆ ಕೇಳದೆ ಫಾದರ್‌ರನ್ನು ಕರೆತಂದು ಮಂಚದ ಸುತ್ತ ಹಾಡು ಶುರು ಮಾಡುವುದು ಸರಿಯಲ್ಲ. ಗ್ಲೂಕೋಸ್ ಸೂಜಿ ಚುಚ್ಚಿಕೊಂಡವನು ಎದ್ದು ಹೋಗಲಾರ. ಮೊದಲು ಕೇಳಿ. ಬೇಡ ಅಂದರೆ ಕಾರಿಡಾರ್‌ನಲ್ಲಿ ಕೂತು ಪ್ರಾರ್ಥಿಸಿ. ದೇವರಿಗೆ ಅಲ್ಲಿಂದಲೂ ಕೇಳಿಸುತ್ತದೆ.

ಹಿಂದಿನ ಪೋಪ್ ಫ್ರಾನ್ಸಿಸ್ ಇದನ್ನು ಮಾಡಿ ತೋರಿಸಿದ್ದರು. ಆಯ್ಕೆಯಾದ ಮೂರನೇ ದಿನ, 2013ರ ಮಾರ್ಚ್ 16ರಂದು, ಜಗತ್ತಿನ ಪತ್ರಕರ್ತರನ್ನು ಭೇಟಿಯಾದರು. ಕೊನೆಗೆ ಆಶೀರ್ವಾದ ಕೊಡುವುದು ರೂಢಿ. ನಿಮ್ಮಲ್ಲಿ ಹಲವರು ಕಥೋಲಿಕರಲ್ಲ, ಹಲವರು ನಂಬುವವರಲ್ಲ, ಒಬ್ಬೊಬ್ಬರ ಮನಸ್ಸಾಕ್ಷಿಗೂ ಗೌರವ ಕೊಟ್ಟು ಮೌನವಾಗಿ ಆಶೀರ್ವದಿಸುತ್ತೇನೆ ಅಂದರು. ಶಿಲುಬೆ ಗುರುತು ಹಾಕಲಿಲ್ಲ. ಆಶೀರ್ವಾದ ನಿಲ್ಲಿಸಲೂ ಇಲ್ಲ.

ಸಾವಿನ ಮಾತನ್ನು ಬದುಕಿರುವಾಗಲೇ ಆಡಬೇಕು. ನಾಸ್ತಿಕರು ತಮ್ಮ ಇಷ್ಟವನ್ನು ಬರೆದಿಡಿ. ದೇಹದಾನ ಮಾಡುವುದಿದ್ದರೆ ಮೆಡಿಕಲ್ ಕಾಲೇಜಿನ ಅರ್ಜಿ ತುಂಬಿದರೆ ಮುಗಿಯಲಿಲ್ಲ. ಆ ದಿನ ಕಾಲೇಜಿಗೆ ಫೋನ್ ಮಾಡುವವರು ಮನೆಯವರೇ. ಅವರು ಮನಸ್ಸು ಮಾಡದಿದ್ದರೆ ಅರ್ಜಿ ಬೀರುವಿನಲ್ಲೇ ಉಳಿಯುತ್ತದೆ. ಮುಂಚೆ ಹೇಳಿದ ಕೋವೂರ್ ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ಬಿಟ್ಟುಕೊಟ್ಟಿದ್ದರು. ನಂಬುವ ಮನೆಯವರು ಇದಕ್ಕೆ ಹೆದರಬೇಕಾಗಿಲ್ಲ. ಅಂಗದಾನವನ್ನು ಚರ್ಚ್ ಒಳ್ಳೆಯ ಕೆಲಸ ಎಂದೇ ಹೇಳುತ್ತದೆ. ಸುಡುವುದಕ್ಕೂ 1963ರಿಂದ ಅಡ್ಡಿ ಇಲ್ಲ. ಬೂದಿಯನ್ನು ಚೆಲ್ಲದೆ ಪವಿತ್ರ ಜಾಗದಲ್ಲಿ ಇಡಬೇಕು ಅನ್ನುವುದು ಕಥೋಲಿಕರಿಗೆ ಇರುವ ನಿಯಮ.

ನಂಬದವರು ಸತ್ತಾಗ ಪೂಜೆ ಬೇಡ ಅಂತ ಬರೆದಿಟ್ಟಿದ್ದರೆ, ಶವ ಮುಂದಿಟ್ಟುಕೊಂಡು ಪೂಜೆ ಮಾಡಬೇಡಿ. ಆದರೆ ಉಳಿದ ಅಮ್ಮ ತನ್ನ ಸಮಾಧಾನಕ್ಕೆ ಬೇರೆ ದಿನ ಚರ್ಚಿಗೆ ಹೋಗಿ ಮಗನಿಗಾಗಿ ಪ್ರಾರ್ಥಿಸಿದರೆ ಅದನ್ನು ತಡೆಯುವ ಮಾತು ಉಯಿಲಿನಲ್ಲಿ ಇರಬಾರದು. ಅಮ್ಮನ ದುಃಖ ಅಮ್ಮನದು.

ಉಲ್ಟಾ ಸಂದರ್ಭವೂ ಇದೆ. ಭಕ್ತೆ ತಾಯಿ ತೀರಿಕೊಂಡರು, ಮಗ ನಾಸ್ತಿಕ. ಅವರು ಕೇಳಿಕೊಂಡ ಎಲ್ಲವನ್ನೂ ಮಾಡಿಸಿ: ಪೂಜೆ, ಏಳನೇ ದಿನ, ತಿಂಗಳು, ವರ್ಷ. ಸತ್ತವರನ್ನು ನೆನೆಯುವ ನವೆಂಬರ್ 2ಕ್ಕೆ ಮುಂಚೆ ಸಮಾಧಿಯ ಹುಲ್ಲು ಕಿತ್ತು ಸುಣ್ಣ ಬಳಿಯಲು ಯಾವ ನಂಬಿಕೆಯೂ ಬೇಕಾಗಿಲ್ಲ. ನನ್ನ ತಮ್ಮ ಅಪ್ಪನ ಸಮಾಧಿಗೆ ಅದನ್ನು ಮಾಡುತ್ತಾನೆ. ಪ್ರಾರ್ಥನೆ ನನ್ನದು, ಸುಣ್ಣದ ಬ್ರಷ್ ಅವನದು.

ಏಳನೇ ಹೆಜ್ಜೆ: ಫೋನಿನಲ್ಲಿ, ಊರಿನಲ್ಲಿ

ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಬಗೆಯ ಫಾರ್ವರ್ಡ್ ನಿಲ್ಲಬೇಕು. ಹತ್ತು ಜನಕ್ಕೆ ಕಳಿಸದಿದ್ದರೆ ಕೇಡು ಅನ್ನುವ ಪವಾಡದ ವಿಡಿಯೊ ಒಂದು. ಪಾದ್ರಿಗಳ ಹಗರಣದ ಸುದ್ದಿಯನ್ನು ಹುಡುಕಿ ಹುಡುಕಿ ಅಮ್ಮನಿಗೆ ಕಾಣುವಂತೆ ಹಾಕುವುದು ಇನ್ನೊಂದು. ಹಗರಣದ ಬಗ್ಗೆ ಮಾತಾಡಲೇಬೇಕು. ಆದರೆ ಅದಕ್ಕೆ ಅಮ್ಮ ಉತ್ತರ ಕೊಡಬೇಕಾಗಿಲ್ಲ.

ಬಹಿರಂಗ ವಾದದಲ್ಲಿ ನಂಬುವವರು ತಾಳ್ಮೆ ಕಳೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಮುಂಬೈಯ ಘಟನೆ ಸಾಕು. 2012ರಲ್ಲಿ ಅಲ್ಲಿನ ಚರ್ಚೊಂದರ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕುತ್ತಿತ್ತು. ಜನ ಸೇರಿದರು. ವಿಚಾರವಾದಿ ಸನಲ್ ಇಡಮರುಕು ಬಂದು ನೋಡಿ, ಚರಂಡಿಯ ನೀರು ಗೋಡೆಯಲ್ಲಿ ಏರಿ ಬರುತ್ತಿದೆ ಅಂತ ಟಿವಿಯಲ್ಲಿ ಹೇಳಿದರು. ಚರ್ಚನ್ನೂ ಟೀಕಿಸಿದರು. ಧಾರ್ಮಿಕ ಭಾವನೆಗೆ ಧಕ್ಕೆ ತಂದರು ಅಂತ ಅವರ ಮೇಲೆ ದಂಡ ಸಂಹಿತೆಯ 295ಎ ಕಲಮಿನಲ್ಲಿ ದೂರುಗಳು ಬಿದ್ದವು. ಅವರು ಫಿನ್ಲೆಂಡಿಗೆ ಹೋದರು. ಒಂದು ಹನಿ ನೀರಿಗೆ ಪ್ಲಂಬರ್‌ನನ್ನು ಕರೆಸಬಹುದಿತ್ತು, ಪೊಲೀಸರು ಬೇಕಿರಲಿಲ್ಲ. ಪವಾಡ ಅನ್ನಲು ಚರ್ಚೇ ವರ್ಷಗಟ್ಟಲೆ ಪರಿಶೀಲಿಸುತ್ತದೆ, ನಾವು ಯಾಕೆ ಅವಸರ ಮಾಡಬೇಕು? ಆ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ, ಮೂರು ವರ್ಷದವರೆಗೆ ಜೈಲು. ನಿಮ್ಮ ಮನಸ್ಸಿಗೆ ನೋವಾದಾಗ ಮೊದಲು ಆ ಮನುಷ್ಯನಿಗೆ ಹೇಳಿ, ಠಾಣೆಗೆ ಓಡಬೇಡಿ. ಸಂವಿಧಾನದ 25ನೇ ವಿಧಿ ಕೊಟ್ಟ ಮನಸ್ಸಾಕ್ಷಿಯ ಸ್ವಾತಂತ್ರ್ಯ ನಂಬದವರಿಗೂ ಇದೆ.

ನಂಬದವರು ಮರೆಯಬಾರದ ವಿಷಯವೂ ಇದೆ. ಕರ್ನಾಟಕದಲ್ಲಿ ಕ್ರೈಸ್ತರು ಸಣ್ಣ ಸಮುದಾಯ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಮುತ್ತ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಯಿತು. ಆ ದಿನಗಳನ್ನು ಕಂಡವರು ನಮ್ಮ ಮನೆಯಲ್ಲೇ ಇದ್ದಾರೆ. ಯುರೋಪಿನಲ್ಲಿ ಚರ್ಚನ್ನು ಗೇಲಿ ಮಾಡುವವನ ಮಾತು ಬಲಶಾಲಿಯ ಮೇಲೆ ಬೀಳುತ್ತದೆ. ಇಲ್ಲಿ ಅದೇ ಮಾತು ಹೆದರಿದವರ ಮೇಲೆ ಬೀಳುತ್ತದೆ. ಟೀಕೆ ಮಾಡಿ, ಆದರೆ ಯಾರ ಎದುರು, ಯಾವ ಹೊತ್ತಿನಲ್ಲಿ ಅಂತ ನೋಡಿ. ಅಲ್ಲದೆ ನಂಬಿಕೆ ಬಿಟ್ಟ ಮಾತ್ರಕ್ಕೆ ಹೆಸರು ಬದಲಾಗುವುದಿಲ್ಲ. ಡಿಸೋಜನೋ ಪಿಂಟೋನೋ ಆಗಿದ್ದವನನ್ನು ಬಾಡಿಗೆ ಮನೆಯ ಮಾಲೀಕ ಕ್ರೈಸ್ತ ಅಂತಲೇ ನೋಡುತ್ತಾನೆ. ಆ ಕಷ್ಟದಲ್ಲಿ ಅಕ್ಕನೂ ತಮ್ಮನೂ ಒಂದೇ ಕಡೆ ಇದ್ದಾರೆ.

ಎಂಟನೇ ಹೆಜ್ಜೆ: ಜೊತೆಗೆ ಮಾಡುವ ಕೆಲಸ ಹುಡುಕಿ

ಡಾರ್ವಿನ್ ಅವರ ಹಳ್ಳಿ ಡೌನ್‌ನಲ್ಲಿ ಜಾನ್ ಬ್ರೋಡಿ ಇನ್ನೆಸ್ ಅನ್ನುವ ಪಾದ್ರಿ ಇದ್ದರು. ಇಬ್ಬರಿಗೂ ದಶಕಗಳ ಸ್ನೇಹ. ಒಂದೇ ಒಂದು ಸಲ ಬಿಟ್ಟರೆ ಯಾವ ವಿಷಯದಲ್ಲೂ ಪೂರ್ತಿ ಒಮ್ಮತ ಆಗಿಲ್ಲ ಅಂತ ಡಾರ್ವಿನ್ ಅವರೇ ಹೇಳಿಕೊಂಡಿದ್ದರು. ಆದರೂ ಬಡವರಿಗೆ ಚಳಿಗಾಲಕ್ಕೆ ಕಲ್ಲಿದ್ದಲು, ಬಟ್ಟೆ ಸಿಗುವಂತೆ ಮಾಡುತ್ತಿದ್ದ ಊರಿನ ಸಂಘದ ಲೆಕ್ಕವನ್ನು ಡಾರ್ವಿನ್ ನೋಡಿಕೊಳ್ಳುತ್ತಿದ್ದರು.

ನಮ್ಮ ಚರ್ಚುಗಳಲ್ಲೂ ರಕ್ತದಾನ ಶಿಬಿರ ನಡೆಯುತ್ತದೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬಡವರ ಮನೆಗೆ ಹೆಂಚು ಹೊದಿಸುತ್ತಾರೆ. ಮಳೆಗಾಲದಲ್ಲಿ ನೆರೆ ಬಂದಾಗ ಅಕ್ಕಿ ಹೊರಲು ಭುಜ ಬೇಕು. ನಂಬದವರು ಇವುಗಳಿಗೆ ಹೋಗಬಹುದು. ಶುರುವಿನ ಪ್ರಾರ್ಥನೆ ಹತ್ತು ನಿಮಿಷ, ಅದು ಮುಗಿದ ಮೇಲೆ ಬನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಚರ್ಚಿನವರೂ ವಿಚಾರವಾದಿಗಳ ಮಾಟಮಂತ್ರ ವಿರೋಧಿ ಕಾರ್ಯಕ್ರಮಕ್ಕೆ, ನೇತ್ರದಾನ ಶಿಬಿರಕ್ಕೆ ಸಭಾಭವನ ಕೊಡಬಹುದು.

ಇಷ್ಟೆಲ್ಲ ಮಾಡಿದರೂ ಕೆಲವು ಮನೆಗಳಲ್ಲಿ ಆಗುವುದಿಲ್ಲ. ಪ್ರವಾಸ ಅಂತ ಸುಳ್ಳು ಹೇಳಿ ಮಗಳನ್ನು ಧ್ಯಾನಕೂಟಕ್ಕೆ ಕರೆದೊಯ್ದು ಬಿಡುವುದು, ಕಾಲೇಜು ಫೀಸ್ ಕಟ್ಟುವುದಿಲ್ಲ ಅಂತ ಹೆದರಿಸುವುದು, ಕೈ ಎತ್ತುವುದು: ಇವು ಭಿನ್ನಾಭಿಪ್ರಾಯ ಅಲ್ಲ, ಬಲವಂತ. ಅಲ್ಲಿ ಹೊಂದಾಣಿಕೆಯ ಮಾತು ಬೇಡ. ಓದು ಮುಗಿಸಿ, ಕೆಲಸ ಹುಡುಕಿ, ಬೇರೆ ಇರಿ. ಮನೆಯಲ್ಲಿ ಅರ್ಥ ಮಾಡಿಕೊಳ್ಳುವ ಅತ್ತೆಯೋ ಚಿಕ್ಕಪ್ಪನೋ ಒಬ್ಬರಾದರೂ ಇರುತ್ತಾರೆ, ಅವರ ಜೊತೆ ಫೋನಿನಲ್ಲಿ ಮಾತಾಡುತ್ತಿರಿ. ನೀವು ಆ ಅತ್ತೆಯೋ ಚಿಕ್ಕಪ್ಪನೋ ಆಗಿದ್ದರೆ, ಅವರು ಕರೆ ಮಾಡುವವರೆಗೆ ಕಾಯಬೇಡಿ, ನೀವೇ ಮಾಡಿ.